ಹನ್ನೊಂದು ಊರಿಗೆ ಒಂದೇ ಗೋಲು ಹಂಚುವ ಗ್ರಿಸೆಲ್ದಾ

ಗಾಳಿ ಏಳುವ ಮೊದಲೇ ಕೆಲಸ ಮುಗಿಯಬೇಕು. ಅದಕ್ಕೇ ಭಾನುವಾರದ ನಸುಕಿನಲ್ಲಿ ಲಾಸ್ ತಾಲಾಸ್ ಊರಿನ ಕಡವಿನ ಪಕ್ಕ ಬಿಳಿ ವ್ಯಾನೊಂದು ಹಿಂಬಾಗಿಲು ತೆರೆದುಕೊಂಡು ನಿಂತಿದೆ. ಒಳಗೆ ಮಡಚುವ ಮೇಜು, ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ, ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷೀನ್, ಅದರ ಮುಂದೆ ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಗ್ರಿಸೆಲ್ದಾ ಬಾರ್ರೆತೋ. ಎಡಗೈಯಲ್ಲೊಂದು ಫೈಬರ್ ಕೇಬಲ್ಲಿನ ಗಾಜಿನ ಎಳೆ, ಬಲಗೈಯಲ್ಲೊಂದು. ತಲೆಗೂದಲಿಗಿಂತ ದಪ್ಪವೇನಲ್ಲ. ನನಗೆ ಆಗಲೇ ಕೆಮ್ಮು ಬರಬೇಕೆ? ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ.

“ಕೆಮ್ಮು ಬಂದ್ರೆ ಕೆಮ್ಮಪ್ಪ, ಆದ್ರೆ ಆ ಕಡೆ ತಿರುಗಿ,” ಎನ್ನುತ್ತಾರೆ ಕಣ್ಣೆತ್ತದೆ. “ಇಲ್ಲಿ ಒಂದು ಹನಿ ಉಗುಳು ಬಿದ್ರೆ ನದಿಯಾಚೆ ಟಿವಿಗಳೆಲ್ಲ ಮಂಕಾಗ್ತವೆ. ಆಮೇಲೆ ಪೇಪರ್‌ನೋನು ಕೆಮ್ಮಿದ ಅಂತ ಯಾರಿಗೆ ಹೇಳ್ಲಿ?”

ಎಳೆಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯುತ್ತಾರೆ. ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸುತ್ತಾರೆ. ತುದಿಯನ್ನು ಸಪಾಟಾಗಿ ಕತ್ತರಿಸಿ ಎರಡನ್ನೂ ಮಷೀನಿನಲ್ಲಿ ಎದುರುಬದುರು ಮಲಗಿಸಿ ಮುಚ್ಚಳ ಹಾಕುತ್ತಾರೆ. ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಒಂದನ್ನೊಂದು ಹುಡುಕಿಕೊಂಡು ಹತ್ತಿರ ಬರುತ್ತವೆ. ಒಂದು ಕಿಡಿ. ಅಷ್ಟೇ, ಎರಡು ಗಾಜು ಒಂದಾಗಿ ಹೋಗಿದೆ, ಕೂಡಿದ ಜಾಗ ಎಲ್ಲಿ ಎಂದು ನನಗಂತೂ ಕಾಣುವುದಿಲ್ಲ. ಗ್ರಿಸೆಲ್ದಾ ಆಗ ಉಸಿರು ಬಿಡುತ್ತಾರೆ, ಅಲ್ಲಿಯವರೆಗೂ ಹಿಡಿದಿದ್ದರು ಎನ್ನುವುದು ನನಗೆ ಆಗ ಗೊತ್ತಾಗುತ್ತದೆ.

ನಮ್ಮ ಸೀಮೆಯ ಹನ್ನೊಂದು ಊರುಗಳ ಸಹಕಾರ ಸಂಘಗಳು ಸೇರಿ ಕಟ್ಟಿಕೊಂಡ ಫೈಬರ್ ಜಾಲಕ್ಕೆ ಮೂರು ಜನರ ತಂಡವಿದೆ. ಅದರ ಮುಖ್ಯಸ್ಥೆ ಈಕೆ. ಜನರಿಗೆ ಈಕೆಯ ಹೆಸರು ಗೊತ್ತಿಲ್ಲ, ಫೋನ್ ನಂಬರ್ ಮಾತ್ರ ಬಾಯಿಪಾಠ. ಟಿವಿ ಬರುತ್ತಿರುವಷ್ಟು ದಿನ ಗ್ರಿಸೆಲ್ದಾ ಎನ್ನುವವಳೊಬ್ಬಳು ಈ ಭೂಮಿಯ ಮೇಲಿದ್ದಾಳೆಂದು ಯಾರಿಗೂ ನೆನಪಾಗುವುದಿಲ್ಲ. ಚಿತ್ರ ಒಂದು ಸಲ ನಡುಗಿದರೆ ಸಾಕು, ಚರ್ಚಿನಲ್ಲಿ ಪ್ರಾರ್ಥನೆಗೆ ಮಂಡಿಯೂರಿದವರೂ ಜೇಬಿಗೆ ಕೈ ಹಾಕುತ್ತಾರೆ.

ಆದರೆ ಈ ಭಾನುವಾರ ಎಲ್ಲರ ಬಾಯಲ್ಲೂ ಈಕೆಯ ಹೆಸರೇ. ಸಂಜೆ ನಾಲ್ಕಕ್ಕೆ ನಮ್ಮ ಎಂತ್ರೆ ರಿಯೋಸ್ ಪ್ರಾಂತ್ಯದ ವನಿತೆಯರ ಫುಟ್‌ಬಾಲ್ ತಂಡ ಮೊದಲ ಬಾರಿಗೆ ಫೈನಲ್ ಆಡುತ್ತಿದೆ. ಮುಂಚೂಣಿಯಲ್ಲಿ ಆಡುವ ಹುಡುಗಿ ಲಾಸ್ ತಾಲಾಸ್‌ನವಳು. ಗೋಲ್‌ಕೀಪರ್ ನದಿಯಾಚೆಯ ಪುಂತಾ ರೋಹಾದವಳು. ಈ ಎರಡೂ ಊರಿಗೆ ಒಂದೇ ಕ್ಷಣಕ್ಕೆ ಚಿತ್ರ ಮುಟ್ಟಿಸುತ್ತೇನೆಂದು ಗ್ರಿಸೆಲ್ದಾ ಮಹಾಸಭೆಯಲ್ಲಿ ಮಾತು ಕೊಟ್ಟಿದ್ದಾರೆ. ಮಾತು ತಪ್ಪಿದರೆ ಪುಂತಾ ರೋಹಾ ಈ ಹನ್ನೊಂದು ಊರುಗಳ ಒಕ್ಕೂಟ ಬಿಟ್ಟು ರಾಜಧಾನಿಯ ಕಂಪನಿಯೊಂದರ ಕೈ ಹಿಡಿಯುತ್ತದೆ.

ಒಂದೇ ಕ್ಷಣಕ್ಕೆ ಯಾಕೆ ಎಂದು ಕೇಳುವವರು ಈ ನದಿಯ ದಡದಲ್ಲಿ ಪಂದ್ಯ ನೋಡಿದವರಲ್ಲ. ಲಾಸ್ ತಾಲಾಸ್ ಮತ್ತು ಪುಂತಾ ರೋಹಾ ಎದುರುಬದುರು ಕುಳಿತ ಊರುಗಳು. ನಡುವೆ ಹರಿಯುವ ನೀರು ಗೋಲಿನ ಕೂಗನ್ನು ಒಂದಿಷ್ಟೂ ನುಂಗದೆ ಆಚೆಗೆ ದಾಟಿಸುತ್ತದೆ. ಗೋಲು ಬಿದ್ದಾಗ ಮನೆಯೊಳಗೆ ಕೂಗುವವರು ನಮ್ಮಲ್ಲಿ ಯಾರೂ ಇಲ್ಲ. ಎಲ್ಲರೂ ಹೊರಗೋಡಿ ಬಂದು, ನದಿಗೆ ಮುಖ ಮಾಡಿ, ಎದುರು ದಡದವರ ಕಿವಿ ತೂತಾಗುವ ಹಾಗೆ ಕೂಗಬೇಕು. ಹಾಗೆ ಕೂಗದಿದ್ದರೆ ಅದು ಗೋಲೇ ಅಲ್ಲ.

ಪುಂತಾ ರೋಹಾದವರ ಗೋಳು ಏನೆಂದರೆ ಅವರ ಟಿವಿ ಕೆಲವು ಸೆಕೆಂಡು ತಡ. ಅವರ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಉರುಳುತ್ತಿರುವಾಗಲೇ ಈ ದಡದಿಂದ ‘ಗೋಓಓಲ್’ ಎಂಬ ಕೂಗು ಬಂದು ಬಡಿಯುತ್ತದೆ. ಪಂದ್ಯದ ರಸವೆಲ್ಲ ಸೋರಿಹೋಯಿತು. ಕೆಲವರು ಕಿಟಕಿಗೆ ಕಂಬಳಿ ಬಿಗಿದು ನೋಡಿದರು. ಒಬ್ಬಾಕೆ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತಳು. ಎರಡು ವರ್ಷದ ಹಿಂದೆ ಅರ್ಜೆಂಟೀನಾ ತಂಡದ ಪಂದ್ಯದ ದಿನವಂತೂ ಲಾಸ್ ತಾಲಾಸ್‌ನವರು ಮಾಡಬಾರದ್ದನ್ನು ಮಾಡಿದರು. ಗೋಲು ಬೀಳದಿದ್ದರೂ ಊರಿಗೆ ಊರೇ ದಡಕ್ಕೆ ಬಂದು ಗೋಲೆಂದು ಕೂಗಿತು. ಆ ಕಡೆಯವರು ನಂಬಿ ತಬ್ಬಿಕೊಂಡರು, ಅತ್ತರು, ವೈನ್ ಬಾಟಲಿಯ ಬಿರಡೆ ತೆಗೆದರು. ಆಮೇಲೆ ಪರದೆ ನೋಡಿದರೆ ಚೆಂಡು ಕಂಬಕ್ಕೆ ಬಡಿದು ವಾಪಸು! ಪಂದ್ಯ ಮುಗಿದ ಮೇಲೆ ಒಂದು ವಾರ ತೆಪ್ಪ ಈ ದಡಕ್ಕೆ ಬರಲೇ ಇಲ್ಲ.

ತೆಪ್ಪದ ಒಡೆಯ ಎವಾರಿಸ್ತೋ ಸೊಸಾ. ಪುಂತಾ ರೋಹಾ ಸಹಕಾರ ಸಂಘದ ಅಧ್ಯಕ್ಷರೂ ಅವರೇ, ಗ್ರಿಸೆಲ್ದಾರ ಸೋದರಮಾವನೂ ಅವರೇ. ಗ್ರಿಸೆಲ್ದಾ ಹುಟ್ಟಿದ್ದು ಪುಂತಾ ರೋಹಾದಲ್ಲಿ, ಮದುವೆಯಾಗಿ ಬಂದು ಸೇರಿದ್ದು ಲಾಸ್ ತಾಲಾಸ್‌ಗೆ. ಹಾಗಾಗಿ ಚಿತ್ರ ತಡವಾದಾಗಲೆಲ್ಲ ಆ ದಡದವರು “ಗಂಡನ ಮನೆ ಕಡೆಗೇ ಎಳೀತಾಳೆ” ಎನ್ನುತ್ತಾರೆ, ಈ ದಡದವರು “ಆ ಕಡೆ ರಕ್ತ, ನಂಬೋಕಾಗಲ್ಲ” ಎನ್ನುತ್ತಾರೆ.

“ಇಬ್ರೂ ಬೈದ್ರೆ ಸರಿಯಾಗಿ ಕೆಲಸ ಮಾಡ್ತಿದೀನಿ ಅಂತ ಅರ್ಥ,” ಎನ್ನುತ್ತಾರೆ ಗ್ರಿಸೆಲ್ದಾ, ಯೆರ್ಬಾ ಸೊಪ್ಪಿನ ಪುಡಿ ತುಂಬಿದ ಸೋರೆಬುರುಡೆಗೆ ಫ್ಲಾಸ್ಕಿನಿಂದ ಬಿಸಿನೀರು ಹುಯ್ದು ನನ್ನ ಕೈಗೆ ಕೊಡುತ್ತಾ. “ಕುಡಿ, ಕುಡಿ. ಗಂಟಲು ಸರಿಹೋಗುತ್ತೆ.”

ಚಿತ್ರ ತಡವಾಗುತ್ತಿದ್ದ ಕಾರಣ ಕೇಳಿದರೆ ನಗು ಬರುತ್ತದೆ. ಪಂದ್ಯದ ಚಿತ್ರ ಬಂದಿಳಿಯುವುದು ಇರೂಪೆ ಪಟ್ಟಣದಲ್ಲಿ. ಅಲ್ಲಿಂದ ಹೊರಡುವ ಕೇಬಲ್ಲಿನಲ್ಲಿ ಎಂಟು ಬೇರೆ ಬೇರೆ ಬಣ್ಣದ ಬೆಳಕನ್ನು ಒಟ್ಟಿಗೆ ಕಳಿಸಬಹುದು. ನಮ್ಮ ಊರುಗಳಿಗೋ ಪ್ರತಿಷ್ಠೆ. ನಮಗೆ ನಮ್ಮದೇ ಚಿತ್ರ ಬೇಕು, ಪಕ್ಕದೂರಿನ ಜೊತೆ ಹಂಚಿಕೊಳ್ಳುವುದಿಲ್ಲ ಎಂದು ಒಂದೊಂದು ಊರೂ ಹಟ ಹಿಡಿಯಿತು. ಹಾಗಾಗಿ ಇರೂಪೆಯ ಯಂತ್ರ ಒಂದೇ ಪಂದ್ಯಕ್ಕೆ ಹನ್ನೊಂದು ನಕಲು ತೆಗೆದು, ಹನ್ನೊಂದನ್ನೂ ಒಂದೇ ಕೇಬಲ್ಲಿಗೆ ತುರುಕುತ್ತಿತ್ತು. ಮೊದಲು ಸೇರಿದ ಏಳು ಊರುಗಳಿಗೆ ತಲಾ ಒಂದು ಬಣ್ಣ. ಕೊನೆಗೆ ಸೇರಿದ ನಾಲ್ಕು ಊರುಗಳು ಉಳಿದ ಒಂದೇ ಬಣ್ಣದಲ್ಲಿ, ಹಬ್ಬದ ದಿನದ ಬಸ್ಸಿನ ಹಾಗೆ ಮೈಗೆ ಮೈ ಒತ್ತಿಕೊಂಡು ಬರಬೇಕು. ಎಲ್ಲಕ್ಕಿಂತ ಕೊನೆಗೆ ಸೇರಿದ್ದು ಪುಂತಾ ರೋಹಾ. ನೂಕುನುಗ್ಗಲಿನಲ್ಲಿ ಅದರ ಚಿತ್ರ ಎಡವುತ್ತಾ ಬರುವುದರಿಂದ, ನಡುಗದಿರಲೆಂದು ಅಲ್ಲಿನ ಟಿವಿ ಡಬ್ಬಿ ಕೆಲವು ಸೆಕೆಂಡು ತಡೆದು ತೋರಿಸುತ್ತದೆ. ಆ ಕೆಲವು ಸೆಕೆಂಡಿನಲ್ಲೇ ಅವರ ಮಾನ ಹೋಗುತ್ತಿತ್ತು.

ಇರೂಪೆಯ ಇಂಜಿನಿಯರ್ ಫಾಬ್ರೀಸಿಯೋ ಮೆಂದೆಸ್ ಮತ್ತು ಗ್ರಿಸೆಲ್ದಾ ಕೂಡಿ ಇದಕ್ಕೊಂದು ದಾರಿ ಹುಡುಕಿದರು. ಒಂದೇ ಪ್ರತಿ, ಒಂದೇ ಬಣ್ಣ. ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಮಾತ್ರ ಬೆಳಕನ್ನು ಸೀಳುವುದು. ಸೀಳುವ ಕೆಲಸಕ್ಕೆ ಬೆರಳುದ್ದದ ಗಾಜಿನ ತುಂಡೊಂದು ಸಾಕು, ಸ್ಪ್ಲಿಟರ್ ಎನ್ನುತ್ತಾರೆ. ಕರೆಂಟು ಬೇಡ, ಕಾಯಬೇಕಾಗಿಲ್ಲ, ಎಲ್ಲ ಊರಿಗೂ ಏಕಕಾಲಕ್ಕೆ ಚಿತ್ರ. ಏಳು ಬಣ್ಣ ಆಸ್ಪತ್ರೆ, ಶಾಲೆ, ಬ್ಯಾಂಕುಗಳ ಕೆಲಸಕ್ಕೆ ಬಿಡುವಾಗುತ್ತದೆ. ಫಾಬ್ರೀಸಿಯೋ ಅದನ್ನು ಮಹಾಸಭೆಯ ಗೋಡೆಯ ಮೇಲೆ ಮರದ ಚಿತ್ರದಂತೆ ತೋರಿಸಿದಾಗ ಒಬ್ಬರಿಗೂ ಅರ್ಥವಾಗಲಿಲ್ಲ. ಗ್ರಿಸೆಲ್ದಾ ಎದ್ದು ನಿಂತು ಲಾಸ್ ತಾಲಾಸ್ ಸಂಘದ ಅಧ್ಯಕ್ಷೆ, ಬೇಕರಿಯ ಓತೀಲಿಯಾ ಸ್ಕಿಯಾವೋ ಅವರ ಕಡೆ ತಿರುಗಿದರು.

“ಅಕ್ಕಾ, ನಿನ್ನ ಬ್ರೆಡ್ ವ್ಯಾನು ಹನ್ನೊಂದು ಊರಿಗೆ ಹನ್ನೊಂದು ಸಲ ಹೋಗುತ್ತಾ?”

“ನನಗೇನು ತಲೆ ಕೆಟ್ಟಿದ್ಯಾ? ಒಂದೇ ಸಲ ಹೊರಡುತ್ತೆ, ದಾರೀಲಿ ಇಳಿಸ್ತಾ ಹೋಗುತ್ತೆ.”

“ಇದೂ ಅಷ್ಟೇ.”

ಸಭೆ ನಕ್ಕಿತು, ಒಪ್ಪಿತು. ಆದರೆ ಪುಂತಾ ರೋಹಾದ ಕವಲು ಒಡೆಯಬೇಕಾದದ್ದು ಲಾಸ್ ತಾಲಾಸ್‌ನಲ್ಲಿ ಎಂದು ಗೊತ್ತಾದೊಡನೆ ಎವಾರಿಸ್ತೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಇವರು ನೋಡಿ ಬಿಟ್ಟ ಎಂಜಲು ಚಿತ್ರ ನಮಗೆ ಬೇಡ!”

“ಮಾವಾ,” ಎಂದರು ಗ್ರಿಸೆಲ್ದಾ, “ಒಂದೇ ಬುರುಡೆ ಯೆರ್ಬಾನ ಒಂದೇ ಕೊಳವೇಲಿ ಹದಿನೈದು ಜನ ಹೀರ್ತೀರಿ. ಬೆಳಕಿಗೆ ಬಂತಾ ಎಂಜಲು?”

ಅವತ್ತು ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಎವಾರಿಸ್ತೋ ಮಾತ್ರ ನಗಲಿಲ್ಲ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಲಾಸ್ ತಾಲಾಸ್‌ನಲ್ಲಿ ಸೀಳುವ ಬೆಳಕು ಸಮಪಾಲಾಗಿರಬೇಕು, ಅರ್ಧ ಅವರಿಗೆ, ಅರ್ಧ ನಮಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು. ಓತೀಲಿಯಾ ಕೂಡ “ಸಹಕಾರ ಅಂದ್ಮೇಲೆ ಸಮಪಾಲು!” ಎಂದು ಮೇಜು ಕುಟ್ಟಿದರು. ಎಲ್ಲರ ಕೈ ಮೇಲೆದ್ದಿತು. ಬೆಳಕನ್ನು ಹೇಗೆ ಹಂಚಬೇಕೆಂದು ಓಟು ಹಾಕಿ ತೀರ್ಮಾನಿಸುವ ಜನ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದಾರೋ ಇಲ್ಲವೋ, ನಮ್ಮಲ್ಲಂತೂ ಇದ್ದಾರೆ.

ಗ್ರಿಸೆಲ್ದಾ ಈ ಕೆಲಸಕ್ಕೆ ಬಂದದ್ದು ದೂರವಾಣಿ ಬಿಲ್ಲು ವಸೂಲಿ ಮಾಡುವವಳಾಗಿ. ಸೈಕಲ್ ತುಳಿದುಕೊಂಡು ಮನೆಮನೆಗೆ ಹೋಗಿ, ನಾಯಿಗಳಿಂದ ಕಚ್ಚಿಸಿಕೊಂಡು, ಅಜ್ಜಿಯಂದಿರು ಕರಿದು ಕೊಡುವ ತೋರ್ತಾ ಫ್ರೀತಾ ರೊಟ್ಟಿ ತಿಂದುಕೊಂಡು ಹತ್ತು ವರ್ಷ ಕಳೆದರು. ಆಮೇಲೆ ದೊಡ್ಡ ನೆರೆ ಬಂತು. ನದಿಯ ತಳದಲ್ಲಿ ಹಾಸಿದ್ದ ಕೇಬಲ್ಲನ್ನು ಪ್ರವಾಹ ದಾರದಂತೆ ಕಿತ್ತುಕೊಂಡು ಹೋಯಿತು, ಪುಂತಾ ರೋಹಾ ಜಗತ್ತಿನಿಂದ ಕಡಿದುಹೋಯಿತು. ಮೇಲಿನ ಸೇತುವೆಯವರೆಗೆ ಹೋಗಿ, ದಾಟಿ, ಆ ದಡದಲ್ಲಿ ಕೆಳಕ್ಕೆ ಬರುವ ನಲವತ್ತು ಕಿಲೋಮೀಟರ್ ಸುತ್ತುದಾರಿಯಲ್ಲಿ ಹೊಸ ಕೇಬಲ್ ಎಳೆಯಬೇಕಾಯಿತು. ಆಳುಗಳು ಸಾಲಲಿಲ್ಲ. ಅಮ್ಮನ ಮನೆಗೆ ಫೋನ್ ಮಾಡಲಾಗದೆ ಒದ್ದಾಡುತ್ತಿದ್ದ ಗ್ರಿಸೆಲ್ದಾ ಬಿಲ್ಲಿನ ಚೀಲ ಕೆಳಗಿಟ್ಟು ಕೇಬಲ್ ಸುರುಳಿಗೆ ಹೆಗಲು ಕೊಟ್ಟರು, ಮತ್ತೆ ಆ ಚೀಲ ಎತ್ತಿಕೊಳ್ಳಲಿಲ್ಲ.

“ಸೊಂಟದ ಮಟ್ಟ ಕೆಸರು. ಒಂದು ಯಾರಾರಾ ಹಾವು ನನ್ನ ಬೂಟಿನ ಮೇಲೆ ಹಾದುಹೋಯ್ತು. ನಾನು ಅಲ್ಲಾಡಲಿಲ್ಲ, ಧೈರ್ಯ ಅಲ್ಲ ಕಣಪ್ಪ, ಕಾಲು ಕೆಸರಲ್ಲಿ ಹೂತುಹೋಗಿತ್ತು,” ಎಂದು ನಗುತ್ತಾರೆ. ಬಲಗೈಯ ತೋರುಬೆರಳನ್ನು ಮುಂದೆ ಹಿಡಿದು ಒಂದು ಚುಕ್ಕೆ ತೋರಿಸುತ್ತಾರೆ. ಒಳಗೆ ಗಾಜಿನ ಚೂರೊಂದು ಇದೆ, ಡಾಕ್ಟರಿಗೂ ಸಿಕ್ಕಿಲ್ಲ. ಚಳಿಗಾಲದಲ್ಲಿ ಅದು ನೋಯುತ್ತದೆ. ದಿನಕ್ಕೆ ಇಪ್ಪತ್ತು, ಕೆಲವು ದಿನ ನಲವತ್ತು ಕೂಡುಗೆ ಮಾಡುವ ಬೆರಳುಗಳು ಇವು. ಆ ನಲವತ್ತು ಕಿಲೋಮೀಟರಿನ ಪ್ರತಿಯೊಂದು ಕೂಡುಗೆ ಇವರದೇ. ಪುಂತಾ ರೋಹಾ ಒಕ್ಕೂಟ ಬಿಟ್ಟರೆ ಆ ಸಾಲನ್ನು ಕತ್ತರಿಸಿ ಬಿಸಾಡುತ್ತಾರೆ. ಅದನ್ನು ಹೇಳುವಾಗ ಗ್ರಿಸೆಲ್ದಾ ನನ್ನ ಮುಖ ನೋಡುವುದಿಲ್ಲ, ಬುರುಡೆಯ ಯೆರ್ಬಾವನ್ನು ಕೊಳವೆಯಿಂದ ಕೆದಕುತ್ತಾ ಕೂರುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಪರೀಕ್ಷೆ. ಇರೂಪೆಯಿಂದ ಫಾಬ್ರೀಸಿಯೋ ಬಂದಿದ್ದಾರೆ. ಪುಂತಾ ರೋಹಾದಲ್ಲಿ ತಂಡದ ರೂಲೋ ಬೆಳಕು ಅಳೆಯುವ ಮೀಟರ್ ಹಿಡಿದು ನಿಂತಿದ್ದಾನೆ. ಬೆಳಕು ಹರಿಯುತ್ತದೆ. ಒಂಬತ್ತು ಊರುಗಳಿಂದ ಒಂದೊಂದಾಗಿ “ಬಂತು! ಬಂತು!” ಎಂಬ ಫೋನು. ನನಗೆ ಕುಣಿಯುವಷ್ಟು ಸಂತೋಷ. ಅಷ್ಟರಲ್ಲಿ ರೂಲೋನ ದನಿ.

“ಅಕ್ಕಾ, ಇಲ್ಲಿ ಚಿತ್ರ ಚೌಕ ಚೌಕ ಆಗಿ ಒಡೀತಿದೆ. ಬೆಳಕು ಸಾಲ್ತಿಲ್ಲ.”

“ಕನೆಕ್ಟರ್ ಒರೆಸಿದ್ಯಾ?”

“ಮೂರು ಸಲ ಒರೆಸ್ದೆ. ಎವಾರಿಸ್ತೋ ಮಾವ ಬೇರೆ ನನ್ನ ಬೆನ್ನ ಹಿಂದೇನೇ ನಿಂತಿದಾರೆ. ಉಸಿರಾಡೋಕೂ ಬಿಡ್ತಿಲ್ಲ.”

ಗ್ರಿಸೆಲ್ದಾ ಫೋನ್ ಕೆಳಗಿಡುತ್ತಾರೆ. ಹೇಳಬೇಕಾದ್ದನ್ನು ಫಾಬ್ರೀಸಿಯೋ ಮಹಾಸಭೆಯಲ್ಲೇ ಹೇಳಿ ಸೋತಿದ್ದರು. ಲಾಸ್ ತಾಲಾಸ್ ಇಲ್ಲೇ ಕಾಲಬುಡದಲ್ಲಿದೆ, ಅದಕ್ಕೆ ಒಂದಿಷ್ಟು ಬೆಳಕು ಸಾಕು. ಪುಂತಾ ರೋಹಾ ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೂ ಬೆಳಕು ಅಲ್ಲಿಗೆ ನಲವತ್ತು ಕಿಲೋಮೀಟರ್ ಸುತ್ತಿ ಹೋಗಬೇಕು, ದಾರಿಯುದ್ದಕ್ಕೂ ಸೊರಗುತ್ತದೆ. ಇಬ್ಬರಿಗೂ ಅರ್ಧರ್ಧ ಕೊಟ್ಟರೆ ಒಬ್ಬರಿಗೆ ಅತಿ, ಇನ್ನೊಬ್ಬರಿಗೆ ಕೊರತೆ.

“ಇವನು ಅವತ್ತೇ ಹೇಳಿದ್ದ,” ಎನ್ನುತ್ತಾರೆ ಗ್ರಿಸೆಲ್ದಾ ನನ್ನ ಕಡೆ ತಿರುಗಿ. “ಬರ್ಕೋ, ಬರ್ಕೋ. ತಪ್ಪು ನಂದು. ಸಭೆ ಮುಗಿದ್ರೆ ಸಾಕು, ಜಗಳ ನಿಂತ್ರೆ ಸಾಕು ಅಂತ ‘ಆಯ್ತು, ಅರ್ಧರ್ಧ ಮಾಡೋಣ, ನಾನು ಹೇಗೋ ಹೊಂದಿಸ್ತೀನಿ’ ಅಂದುಬಿಟ್ಟೆ. ಬೆಳಕಿಗೆ ನನ್ನ ಮುಲಾಜಿದ್ಯಾ?”

ಸ್ಪ್ಲಿಟರ್ ಬದಲಾಯಿಸಬೇಕು. ಹತ್ತರಲ್ಲಿ ಒಂದು ಪಾಲು ಲಾಸ್ ತಾಲಾಸ್‌ಗೆ, ಒಂಬತ್ತು ಪಾಲು ಪುಂತಾ ರೋಹಾಕ್ಕೆ. ಆದರೆ ಸಭೆಯ ಓಟನ್ನು ಮೀರಿ ಒಂದು ಸ್ಕ್ರೂ ತಿರುಗಿಸಿದರೂ ನಮ್ಮ ಜನ ಸುಮ್ಮನಿರುವುದಿಲ್ಲ. ಎರಡೂ ಊರಿನ ಅಧ್ಯಕ್ಷರು ಸೇರಿ ಒಪ್ಪಬೇಕು. ಗ್ರಿಸೆಲ್ದಾ ಇಬ್ಬರಿಗೂ ಫೋನ್ ಮಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಕಡವಿನಲ್ಲಿ ಜಾತ್ರೆಯಷ್ಟು ಜನ. ಎವಾರಿಸ್ತೋ ಉಕ್ಕಿನ ಹಗ್ಗ ಎಳೆಯುತ್ತಾ ತೆಪ್ಪದಲ್ಲಿ ಬರುತ್ತಾರೆ, ಜೊತೆಗೆ ಪುಂತಾ ರೋಹಾದ ಮೂವತ್ತು ನಲವತ್ತು ಮಂದಿ. ಓತೀಲಿಯಾ ಬೇಕರಿಯಿಂದ ನೇರ ಬಂದಿದ್ದಾರೆ, ಮೊಣಕೈವರೆಗೆ ಹಿಟ್ಟು. ಬ್ರೆಡ್ಡಿನಲ್ಲಿ ಸುಟ್ಟ ಸಾಸೇಜ್ ಇಟ್ಟ ಚೋರಿಪಾನ್ ಮಾರುವವನು ಇದೇ ಸಮಯವೆಂದು ಕೆಂಡ ಹಚ್ಚಿದ್ದಾನೆ.

“ಹೇಳಿದ್ನಲ್ಲ,” ಎವಾರಿಸ್ತೋ ದಡಕ್ಕೆ ಕಾಲಿಡುವ ಮೊದಲೇ ಶುರುಮಾಡುತ್ತಾರೆ. “ಇವರ ಊರಿನ ಮೇಲೆ ಬಂದ್ರೆ ನಮಗೆ ಚೂರುಪಾರೇ ಅಂತ ಹೇಳಿದ್ನಲ್ಲ!”

“ಏನಯ್ಯಾ ತೆಪ್ಪದಯ್ಯಾ, ಅರ್ಧ ನಿನಗೆ ಕೊಟ್ಟಿದೀವಿ. ನುಂಗೋಕೆ ಬರದಿದ್ರೆ ನಾವೇನು ಮಾಡೋಣ?” ಓತೀಲಿಯಾ ಸೊಂಟಕ್ಕೆ ಕೈಯಿಡುತ್ತಾರೆ.

“ಅಕ್ಕಾ, ನಿನ್ನ ಪಾಲು ಹತ್ತರಲ್ಲಿ ಒಂದು ಮಾಡ್ಬೇಕು,” ಎನ್ನುತ್ತಾರೆ ಗ್ರಿಸೆಲ್ದಾ.

ಲಾಸ್ ತಾಲಾಸ್‌ನವರೆಲ್ಲ ಒಟ್ಟಿಗೆ ಮಾತಾಡುತ್ತಾರೆ. “ಹತ್ತರಲ್ಲಿ ಒಂದಾ? ನಾವೇನು ಭಿಕ್ಷುಕರಾ?” “ತೌರುಮನೆಗೆ ಗಂಟು ಸಾಗಿಸ್ತಿದಾಳೆ ನೋಡಿ!” ಯಾರೋ ಗ್ರಿಸೆಲ್ದಾರ ಗಂಡನನ್ನೂ ಮಾತಿಗೆ ಎಳೆದು ತರುತ್ತಾರೆ. ಗ್ರಿಸೆಲ್ದಾ ವಾದಕ್ಕೆ ನಿಲ್ಲುವುದಿಲ್ಲ. ಕಡವಿನ ಎದುರಿನ ಹೋಟೆಲಿನೊಳಗೆ ಹೋಗಿ, ಅಲ್ಲಿನ ದೊಡ್ಡ ಟಿವಿಯ ಹಿಂದಿನ ಡಬ್ಬಿಯಿಂದ ಉಗುರಿನಷ್ಟು ಚಿಕ್ಕ ಬಿರಡೆಯೊಂದನ್ನು ತೆಗೆದು ಎಳೆಯನ್ನು ನೇರ ಚುಚ್ಚುತ್ತಾರೆ. ಟಿವಿಯಲ್ಲಿ ಅಡುಗೆ ಹೇಳಿಕೊಡುತ್ತಿದ್ದ ಹೆಂಗಸಿನ ಮುಖ ಹರಿದುಹೋಗಿ, ಪರದೆ ಕಪ್ಪಾಗುತ್ತದೆ.

“ಏನು ಮಾಡ್ದೆ?” ಓತೀಲಿಯಾ ಕಿರುಚುತ್ತಾರೆ.

“ಏನೂ ಮಾಡ್ಲಿಲ್ಲ ಅಕ್ಕಾ. ನೀನು ಓಟು ಹಾಕಿ ತಗೊಂಡ ಅರ್ಧ ಪಾಲನ್ನ ಪೂರ್ತಿ ನಿನಗೇ ಕೊಟ್ಟೆ. ಟಿವಿಗೆ ತಡ್ಕೊಳ್ಳೋಕಾಗಲ್ಲ, ಕಣ್ಣು ಕುಕ್ಕಿ ಕುರುಡಾಗುತ್ತೆ. ಅದಕ್ಕೇ ಬೆಳಗ್ಗೆ ಈ ಬಿರಡೆ ಹಾಕಿ ಬೆಳಕನ್ನ ಇಲ್ಲೇ ಕೊಂದಿದ್ದೆ. ನಿನ್ನ ಬೇಕರೀಲಿ ಬ್ರೆಡ್ ಚರಂಡಿಗೆ ಸುರೀತಿದೀನಿ, ಆಚೆ ದಡದಲ್ಲಿ ಹಸ್ಕೊಂಡು ಕೂತಿದಾರೆ. ಈಗ ಹೇಳು.”

ಓತೀಲಿಯಾ ಕಪ್ಪು ಪರದೆಯನ್ನು ನೋಡುತ್ತಾರೆ, ಗ್ರಿಸೆಲ್ದಾರ ಅಂಗೈಯಲ್ಲಿರುವ ಬಿರಡೆಯನ್ನು ನೋಡುತ್ತಾರೆ. ಬ್ರೆಡ್ಡನ್ನು ಚರಂಡಿಗೆ ಹಾಕುವ ಮಾತು ಆಕೆಗೆ ನಾಟಿದೆ. “ಬೇಡದಿರೋದನ್ನ ಕಟ್ಕೊಂಡು ನಾನೇನು ಮಾಡ್ಲಿ,” ಎಂದು ಗೊಣಗುತ್ತಾ ಕೈ ಎತ್ತುತ್ತಾರೆ. ಒಂದೊಂದಾಗಿ ಉಳಿದವರ ಕೈಗಳೂ ಏಳುತ್ತವೆ. ಎವಾರಿಸ್ತೋರ ಕೈ ಮಾತ್ರ ಜೇಬಿನಲ್ಲೇ ಇದೆ.

“ಒಂಬತ್ತು ಪಾಲು ಕೊಡ್ತಿದಾರೆ ಮಾವಾ, ಇನ್ನೇನು?”

“ಕೊಡೋದು ಕೊಡಲಿ. ಆ ಸುಳ್ಳು ಗೋಲು ಮೊದಲು ಕೂಗಿದ್ದು ಯಾರು ಅಂತ ಹೇಳಲಿ. ಎರಡು ವರ್ಷದಿಂದ ಕೇಳ್ತಿದೀನಿ. ಒಬ್ಬನೂ ಬಾಯಿ ಬಿಡಲ್ಲ.”

ಓತೀಲಿಯಾ ಮೊಣಕೈಯ ಹಿಟ್ಟನ್ನು ಒರೆಸಿಕೊಳ್ಳುತ್ತಾರೆ. “ನಾನೇ ಕಣಯ್ಯಾ,” ಎನ್ನುತ್ತಾರೆ. “ಒಲೆ ಮುಂದೆ ಕೂತು ಬೇಜಾರಾಗಿತ್ತು, ಕೂಗ್ದೆ. ಚೆಂಡು ಕಂಬಕ್ಕೆ ಬಡಿಯೋದೂ ನಾನು ಕೂಗೋದೂ ಒಟ್ಟಿಗೇ ಆಯ್ತು, ಇವರೆಲ್ಲ ಒಳಗೇ ಹೋಯ್ತು ಅಂದ್ಕೊಂಡು ಓಡಿಬಂದು ಕೂಗಿದ್ರು. ಆಮೇಲೆ ಸುಳ್ಳು ಅಂತ ಹೇಳೋಕೆ ನನಗೇ ನಾಚಿಕೆ ಆಯ್ತು.”

ಅಂದರೆ ಲಾಸ್ ತಾಲಾಸ್‌ಗೂ ಅದು ಸುಳ್ಳು ಗೋಲೆಂದು ಆಗ ಗೊತ್ತಿರಲಿಲ್ಲ! ಎವಾರಿಸ್ತೋ ಹೊಟ್ಟೆ ಕುಲುಕಿಸಿಕೊಂಡು ನಗತೊಡಗುತ್ತಾರೆ. ಜೇಬಿನಿಂದ ಕೈ ಹೊರಬರುತ್ತದೆ, ಮೇಲಕ್ಕೇಳುತ್ತದೆ. ನಾನು ಚೋರಿಪಾನ್ ಕೆಳಗಿಟ್ಟು ಚಪ್ಪಾಳೆ ಹೊಡೆಯುತ್ತೇನೆ. ಪತ್ರಕರ್ತರು ಹಾಗೆಲ್ಲ ಮಾಡಬಾರದಂತೆ, ಇರಲಿ.

ಈಗ ಹತ್ತು-ತೊಂಬತ್ತರ ಸ್ಪ್ಲಿಟರ್ ಎಲ್ಲಿಂದ ತರುವುದು? ಗಂಟೆ ಮೂರು ದಾಟಿದೆ, ಇರೂಪೆಗೆ ಹೋಗಿ ಬರಲು ಹೊತ್ತಿಲ್ಲ. ಫಾಬ್ರೀಸಿಯೋ ಮೆಲ್ಲಗೆ ಅಂಗಿಯ ಜೇಬಿನಿಂದ ಪುಟ್ಟ ಪೊಟ್ಟಣವೊಂದನ್ನು ತೆಗೆಯುತ್ತಾರೆ.

“ಇಷ್ಟು ಹೊತ್ತು ಜೇಬಲ್ಲೇ ಇಟ್ಕೊಂಡಿದ್ಯಾ ಮಾರಾಯಾ?”

“ಓಟಾಗಲಿ ಅಂತ ಕಾದೆ,” ಎನ್ನುತ್ತಾರೆ ಫಾಬ್ರೀಸಿಯೋ. ಗ್ರಿಸೆಲ್ದಾ ಅವರ ಬೆನ್ನಿಗೆ ಗುದ್ದಿ ವ್ಯಾನಿನತ್ತ ಓಡುತ್ತಾರೆ.

ಗಾಳಿ ಎದ್ದುಬಿಟ್ಟಿದೆ. ವ್ಯಾನಿನ ಬಾಗಿಲು ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ, ಒಳಗೆ ನಾವು ಮೂವರೇ. ಬೆಳಗಿನ ಕೂಡುಗೆಯನ್ನು ಕತ್ತರಿಸಿದ ಕ್ಷಣದಲ್ಲಿ ಎರಡೂ ಊರಿನ ಟಿವಿಗಳು ಕಪ್ಪಾಗುತ್ತವೆ, ಹೊರಗಿನಿಂದ ದೊಡ್ಡದೊಂದು ನಿಟ್ಟುಸಿರು ಕೇಳುತ್ತದೆ. ಮೊದಲ ಕಿಡಿ. ಪರದೆಯ ಮೇಲೆ ಕೂಡಿದ ಜಾಗದಲ್ಲೊಂದು ಗುಳ್ಳೆ. ಧೂಳು ಬಿದ್ದಿದೆ. ಗ್ರಿಸೆಲ್ದಾ ಬೈಯುವುದಿಲ್ಲ, ಕತ್ತರಿಸಿ ಮತ್ತೆ ಸುಲಿಯುತ್ತಾರೆ. ಎರಡನೆಯ ಸಲವೂ ಗುಳ್ಳೆ. ಹೊರಗೆ ಯಾರೋ ವ್ಯಾನಿನ ಮೈಗೆ ಬಡಿದು “ಆಟಗಾರ್ತಿಯರು ಮೈದಾನಕ್ಕೆ ಇಳೀತಿದಾರಂತೆ!” ಎಂದು ಕೂಗುತ್ತಾರೆ. ಗ್ರಿಸೆಲ್ದಾ ಕನ್ನಡಕ ತೆಗೆದು ಒರೆಸಿ, ಬೆರಳುಗಳನ್ನು ಕುತ್ತಿಗೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡು, ಮೂರನೆಯ ಸಲ ಮುಚ್ಚಳ ಹಾಕುತ್ತಾರೆ. ಕಿಡಿ. ಗಾಜು ಎಲ್ಲಿ ಕೂಡಿತೆಂದು ನನಗೆ ಮತ್ತೆ ಕಾಣುವುದಿಲ್ಲ.

ಉಳಿದೆರಡು ತುದಿಗಳು ಒಂದೊಂದೇ ಕಿಡಿಗೆ ಕೂಡಿಕೊಳ್ಳುತ್ತವೆ. ಫೋನಿನಲ್ಲಿ ರೂಲೋ ಮಾತಾಡುತ್ತಿಲ್ಲ, ಹಾಡುತ್ತಿದ್ದಾನೆ. “ಬಂತಕ್ಕಾ! ಕನ್ನಡಿ ಥರ ಇದೆ!”

“ಈಗ ಪಂದ್ಯ ನೋಡೋಣ್ವಾ?” ಎಂದು ಕೇಳುತ್ತೇನೆ. ಆದರೆ ಎವಾರಿಸ್ತೋ ಅಡ್ಡ ನಿಲ್ಲುತ್ತಾರೆ. ಚಿತ್ರ ಬಂದರೆ ಸಾಲದು, ಒಂದೇ ಕ್ಷಣಕ್ಕೆ ಬಂತೇ ಎನ್ನುವುದನ್ನು ತಾವು ಸ್ವತಃ ತೀರ್ಮಾನಿಸಬೇಕು. ಯಾವ ದಡದಲ್ಲಿ ನಿಂತರೂ ಎದುರು ದಡದ ಕೂಗು ನೀರು ದಾಟಿ ಬರುವಾಗ ಒಂದಿಷ್ಟು ತಡ. “ನಡುನೀರಿಗೆ ಬನ್ನಿ. ಎರಡೂ ಕಡೆಗೆ ಸರಿಸಮ ದೂರ. ಫೋನ್ ಗೀನ್ ಎಲ್ಲ ಇಲ್ಲೇ ಬಿಡಿ. ಕಿವಿಯೊಂದೇ ಸಾಕು.”

ಹೀಗೆ ನಮ್ಮ ಪ್ರಾಂತ್ಯದ ಹುಡುಗಿಯರು ಫೈನಲ್ ಆಡುವಾಗ ನಾವು ನಾಲ್ವರು, ಗ್ರಿಸೆಲ್ದಾ, ಎವಾರಿಸ್ತೋ, ಓತೀಲಿಯಾ ಮತ್ತು ನಾನು, ಟಿವಿಯಿಲ್ಲ, ರೇಡಿಯೋ ಇಲ್ಲ, ನದಿಯ ನಟ್ಟನಡುವೆ ತೆಪ್ಪದ ಮೇಲೆ ನಿಂತಿದ್ದೇವೆ. ಎರಡೂ ದಡದಲ್ಲಿ ಒಂದು ನರಪಿಳ್ಳೆಯಿಲ್ಲ. ಎಲ್ಲರೂ ಪರದೆಯ ಮುಂದೆ. ನೀರು ತೆಪ್ಪದಡಿ ಗುಳುಗುಳು ಎನ್ನುತ್ತದೆ. ಆಗೊಮ್ಮೆ ಈಗೊಮ್ಮೆ ಮನೆಗಳೊಳಗಿನಿಂದ ಗುಸುಗುಸು ಏಳುತ್ತದೆ, ಇಳಿಯುತ್ತದೆ. ಅದು ಎಡದಿಂದ ಬಂತೋ ಬಲದಿಂದ ಬಂತೋ ಹೇಳಲಾಗುವುದಿಲ್ಲ. ಎವಾರಿಸ್ತೋ ಎರಡೂ ಕಿವಿಗೆ ಅಂಗೈ ಗೂಡು ಕಟ್ಟಿ ನಿಂತಿದ್ದಾರೆ. ಗ್ರಿಸೆಲ್ದಾ ತೆಪ್ಪದ ಹಗ್ಗ ಹಿಡಿದು ಕಣ್ಣು ಮುಚ್ಚಿದ್ದಾರೆ, ತುಟಿ ಅಲುಗುತ್ತಿದೆ.

“ಬಾಗಿಲು ತೆಗೀತಿದಾರೆ,” ಎನ್ನುತ್ತಾರೆ ಓತೀಲಿಯಾ ಇದ್ದಕ್ಕಿದ್ದಂತೆ.

ಲಾಸ್ ತಾಲಾಸ್‌ನ ಬಾಗಿಲುಗಳು, ಪುಂತಾ ರೋಹಾದ ಬಾಗಿಲುಗಳು, ಎಲ್ಲ ದಡಾರನೆ ತೆರೆದುಕೊಳ್ಳುತ್ತವೆ. ಎರಡೂ ಕಡೆಯಿಂದ ಜನ ನೀರಿನತ್ತ ಓಡಿಬರುತ್ತಾರೆ. ಅವರಿಗಿಂತ ಮೊದಲು ಅವರ ಕೂಗು ಬಂದು ನಮ್ಮನ್ನು ಎರಡೂ ಕೆನ್ನೆಗೆ ಒಟ್ಟಿಗೆ ಬಾರಿಸುತ್ತದೆ. ಗೋಓಓಓಲ್! ತೆಪ್ಪ ಅಲುಗಾಡಿತೋ ನಾವೇ ಕುಣಿದೆವೋ ತಿಳಿಯದು. ನಾನು ಗ್ರಿಸೆಲ್ದಾರನ್ನು ತಬ್ಬಿಕೊಂಡಿದ್ದೇನೆ, ಓತೀಲಿಯಾ ನನ್ನನ್ನು ತಬ್ಬಿಕೊಂಡಿದ್ದಾರೆ, ನನ್ನ ಅಂಗಿಯೆಲ್ಲ ಹಿಟ್ಟು. ಯಾರು ಹೊಡೆದರು, ಹೇಗೆ ಹೊಡೆದರು, ನಮಗೆ ಒಂದೂ ಗೊತ್ತಿಲ್ಲ. ನಮ್ಮವರು ಹೊಡೆದರು ಎನ್ನುವುದಷ್ಟೇ ಗೊತ್ತು, ಯಾಕೆಂದರೆ ಎರಡೂ ದಡ ಕೂಗುತ್ತಿವೆ.

ಎವಾರಿಸ್ತೋ ಟೋಪಿ ತೆಗೆದು ಎದೆಗೆ ಹಿಡಿದಿದ್ದಾರೆ. ಕೂಗು ಇನ್ನೂ ನಿಂತಿಲ್ಲ. ನಾವೆಲ್ಲ ಅವರ ಬಾಯಿ ನೋಡುತ್ತೇವೆ.

“ಪುಂತಾ ರೋಹಾ ಮೊದಲು,” ಎನ್ನುತ್ತಾರೆ ಅವರು. “ಒಂದು ಕೂದಲೆಳೆಯಷ್ಟು. ಆದ್ರೆ ಮೊದಲು.”

“ಅಬ್ಬಾ ಸುಳ್ಳೇ!” ಓತೀಲಿಯಾ ಹಾರಿಬೀಳುತ್ತಾರೆ. “ಲಾಸ್ ತಾಲಾಸ್ ಮೊದಲು! ನನ್ನ ಕಿವಿ ಏನು ಬಾಡಿಗೆ ತಂದಿದ್ದಾ?”

“ನಿನ್ನ ಕಿವೀಲಿ ಹಿಟ್ಟು ತುಂಬಿದೆ!”

“ನಿನ್ನ ಕಿವೀಲಿ ನೀರು ನಿಂತಿದೆ!”

ಹಾಗಾದರೆ ಒಕ್ಕೂಟ ಬಿಡುವ ಮಾತು ಏನಾಯಿತು ಎಂದು ನಾನು ಎವಾರಿಸ್ತೋರನ್ನು ಕೇಳುತ್ತೇನೆ. ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡುತ್ತಾರೆ. “ಬಿಡೋದಾ? ಮೊದಲನೇ ಸ್ಥಾನ ಸಿಕ್ಕಮೇಲೆ ಯಾರಾದ್ರೂ ಬಿಡ್ತಾರೇನಯ್ಯಾ?” ಮತ್ತೆ ಓತೀಲಿಯಾ ಕಡೆಗೆ ತಿರುಗಿ ಜಗಳ ಮುಂದುವರಿಸುತ್ತಾರೆ.

ಗ್ರಿಸೆಲ್ದಾ ತೆಪ್ಪದ ಅಂಚಿಗೆ ಹೋಗಿ ಬೂಟು ಬಿಚ್ಚಿ ಕಾಲು ನೀರಿಗಿಳಿಸಿ ಕುಳಿತಿದ್ದಾರೆ. ಬೆಳಗಿನಿಂದ ಮೊದಲ ಬಾರಿಗೆ ನಿರಾಳವಾಗಿ ಕೂತದ್ದು ಇರಬೇಕು. ಕಣ್ಣು ತುಂಬಿಕೊಂಡಿದೆ, ಒರೆಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಹಿಂದೆ ಅವರಿಬ್ಬರು ಇನ್ನೂ ಕಿತ್ತಾಡುತ್ತಿದ್ದಾರೆ.

“ಕೇಳಿಸ್ತಾ?” ಎನ್ನುತ್ತಾರೆ ಅವರು ನನಗೆ, ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸುತ್ತಾ. “ಇಬ್ರೂ ತಾವೇ ಮೊದಲು ಅಂತಿದಾರೆ. ನಾನು ಬಯಸಿದ್ದು ಇಷ್ಟೇ ಕಣಪ್ಪ.”